ಊಟದ ನಂತರ ಎರಡು ಚಮಚ

ಇವತ್ತು ಬೆಳಿಗ್ಗೆ ಉಪ್ಪಿಟ್ಟು ಒಂದು ಕೈ ಹೆಚ್ಚೇ ಆಯಿತು. ಹೊಟ್ಟೆ ನೀವಿಕೊಳ್ಳುತ್ತ ಪೇಪರ್ ಹಿಡಿದು ಕೂತಿದ್ದೆ, ಅಷ್ಟರಲ್ಲಿ ಕಾಕು, ಅಂದರೆ ನನ್ನ ಚಿಕ್ಕಮ್ಮ, ಔಷಧದ ಕಪಾಟು ತೆಗೆದ ಸಪ್ಪಳ ಕೇಳಿತು. ಬಂದು ಎದುರಿಗೆ ನಿಂತಳು. ಎಡಗೈಯಲ್ಲಿ ದ್ರಾಕ್ಷಾಸವದ ಕಂದು ಬಾಟಲಿ, ಬಲಗೈಯಲ್ಲಿ ಸ್ಟೀಲ್ ಚಮಚ. "ಬಾಯಿ ತಗಿ" ಅಂದಳು. ನನಗೆ ಐವತ್ತೆರಡು, ಅವಳಿಗೆ ಎಪ್ಪತ್ತಾರು. ಆ ಚಮಚದ ಮುಂದೆ ಯಾರ ವಯಸ್ಸೂ ನಡೆಯುವುದಿಲ್ಲ. ನಾನು ಎಂದಿನಂತೆ ಮುಖ ತಿರುಗಿಸಿದೆ.

ದ್ರಾಕ್ಷಾಸವದ ವಾಸನೆ ನಿಮಗೂ ಗೊತ್ತಿರಬೇಕು. ಮೊದಲು ಹಳೇ ಬೆಲ್ಲ, ಆಮೇಲೆ ಲವಂಗ, ಅದರ ಬೆನ್ನಿಗೆ ಇನ್ನೊಂದು. ಆ ಇನ್ನೊಂದರ ಹೆಸರು ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಬಾಟಲಿಯ ಚೀಟಿಯಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಇಷ್ಟು ಪ್ರಮಾಣದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದೆ ಅಂತ. ಹೈದರಾಬಾದಿನ ಕೋಠಿಯ ಒಂದು ಛಾಪಖಾನೆಯಲ್ಲಿ ಇಪ್ಪತ್ತೈದು ವರ್ಷ ಪ್ರೂಫ್ ತಿದ್ದಿದ ಮನುಷ್ಯ ನಾನು, ಸಣ್ಣ ಅಕ್ಷರ ಬಿಟ್ಟೇನೆಯೇ? ಮನೆಯ ಉಳಿದವರು ಬಿಟ್ಟಿದ್ದರು. ಕಾಕಾ ಅಂತೂ ಚಷ್ಮಾ ಹಾಕಿಕೊಂಡೇ ಬಿಟ್ಟಿದ್ದರು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ನಾಂಪಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಮೂಲ ನಾವು ವಿಜಯಪುರದ ಕಡೆಯವರು. ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಗದ್ದಲ ಕೇಳುವಷ್ಟು ಹತ್ತಿರದ ಒಂದು ಗಲ್ಲಿಯಲ್ಲಿ ಅವರ ಮನೆ, ಮೇಲಿನ ಅಂತಸ್ತಿನಲ್ಲಿ ನನ್ನ ಸಂಸಾರ. ಆ ಗಲ್ಲಿಗೆ ಗುರುತು ಅಂತ ಇರುವುದು ಒಂದೇ ಒಂದು: ಮೂಲೆಯ ಮದ್ಯದಂಗಡಿ, 'ವೈನ್ಸ್'. ಈ ಊರಿನಲ್ಲಿ ಗಲ್ಲಿಗೊಂದು ವೈನ್ಸ್ ಬೋರ್ಡು ಕಾಣುತ್ತದೆ, ಒಳಗೆ ಹೋದರೆ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ ಅನ್ನುತ್ತಾರೆ. ಕಾಕಾ ಆ ಬೋರ್ಡನ್ನು ಓದುವುದೇ ಇಲ್ಲ. ಮನೆಗೆ ದಾರಿ ಕೇಳಿದವರಿಗೆ ಆ ಹೆಸರು ಹೇಳುವುದೂ ಇಲ್ಲ. ಮಸೀದಿ ದಾಟಿರಿ, ಹಿಟ್ಟಿನ ಗಿರಣಿ ಬರುತ್ತದೆ, ಅದನ್ನು ಬಳಸಿಕೊಂಡು ಹಿಂದಿನ ಗಲ್ಲಿಗೆ ಹೋಗಿರಿ, ಅಲ್ಲೊಂದು ಬೇವಿನ ಮರ, ಅಲ್ಲಿಂದ ವಾಪಸ್ ಬರ್ರಿ... ಹೀಗೆ ಎರಡು ನಿಮಿಷದ ದಾರಿಯನ್ನು ಇಪ್ಪತ್ತು ನಿಮಿಷ ಮಾಡಿ ಕೊಡುತ್ತಿದ್ದರು. ಬೇವಿನ ಮರ ಕಡಿದು ಎಷ್ಟೋ ವರ್ಷವಾದರೂ ಅವರ ದಾರಿಯಲ್ಲಿ ಅದು ಹಸಿರಾಗಿಯೇ ಇತ್ತು. ಮದುವೆಯ ಕಾರ್ಡು ಕೊಡಲು ಬಂದವರು ಬೇಸತ್ತು ಬೇರೆಯವರ ಮನೆಯಲ್ಲಿ ಕೊಟ್ಟು ಹೋದದ್ದುಂಟು.

ನಗಬೇಡಿ. ಅಥವಾ ನಕ್ಕುಬಿಡಿ, ಆದರೆ ಕಾರಣ ತಿಳಿದುಕೊಂಡು ನಗಿರಿ. ನಮ್ಮಪ್ಪ ಕುಡಿದು ಸತ್ತ. ಕಾಕಾ ಊರಿಗೆ ಬಂದು ಅಣ್ಣನ ಮಣ್ಣು ಮಾಡಿ, ನನ್ನ ಕೈ ಹಿಡಿದು ಹೈದರಾಬಾದಿಗೆ ಕರೆತಂದರು. ಊಟ ಹಾಕಿದರು, ಓದಿಸಿದರು, ಒಂದು ದಿನವೂ ಅಪ್ಪನ ಹೆಸರು ಹಿಡಿದು ಅಂದು ಆಡಲಿಲ್ಲ. ಪ್ರತಿ ವರ್ಷ ಬಸವ ಜಯಂತಿಗೆ ನಮ್ಮ ಸಮಾಜದ ಭವನದಲ್ಲಿ ಕುಡಿತದ ವಿರುದ್ಧ ಭಾಷಣ ಮಾಡುತ್ತಿದ್ದರು. ಅದರ ಕರಡು ತಿದ್ದುತ್ತಿದ್ದವನು ನಾನೇ. ಮೂವತ್ತು ವರ್ಷ ಒಂದೇ ಭಾಷಣ, ಮೇಲಿನ ಇಸವಿ ಮಾತ್ರ ಬೇರೆ. ಅದರಲ್ಲಿ ಬರುವ 'ಒಬ್ಬ ರೈತ' ನಮ್ಮಪ್ಪನೇ ಅಂತ ನನಗೆ ಗೊತ್ತಿತ್ತು. ನಾನು ಅಲ್ಪವಿರಾಮ ಸರಿಮಾಡಿ ಕೊಡುತ್ತಿದ್ದೆ.

ಇಂಥ ಮನೆಯ ಮಗಳು ಶೈಲಾ. ಕಾಕಾ ಕಾಕುಗೆ ಒಬ್ಬಳೇ. ರಾಜೇಂದ್ರನಗರದಲ್ಲಿ ತೋಟಗಾರಿಕೆ ಓದಿದಳು, ದ್ರಾಕ್ಷಿಯನ್ನೇ ಹಿಡಿದಳು. ಹತ್ತು ವರ್ಷದ ಹಿಂದೆ ಆರು ತಿಂಗಳ ತರಬೇತಿಗೆ ಜರ್ಮನಿಗೆ ಹೊರಟಾಗ ಮನೆಯಲ್ಲಿ ಹೇಳಿದ್ದು ಇಷ್ಟೇ: ಮೊಸೆಲ್ ಅಂತ ಒಂದು ನದಿ, ಅದರ ದಂಡೆಯ ಮೇಲೆ ಒಂದು ಮನೆತನದವರ ದ್ರಾಕ್ಷಿ ತೋಟ, ಅಲ್ಲಿ ಕೆಲಸ. ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಆ ದ್ರಾಕ್ಷಿಯ ಹೆಸರು ರೀಸ್ಲಿಂಗ್, ಅದನ್ನು ಯಾರೂ ತಿನ್ನುವುದಿಲ್ಲ, ನಾಲ್ಕು ತಲೆಮಾರಿನಿಂದ ಆ ಮನೆತನ ಅದರಿಂದ ವೈನ್ ಮಾಡುತ್ತ ಬಂದಿದೆ ಅನ್ನುವುದಷ್ಟೇ ಬಿಟ್ಟುಹೋಗಿತ್ತು. ವಿಜಯಪುರದವರಿಗೆ ದ್ರಾಕ್ಷಿ ಅಂದರೆ ಒಂದೋ ಹಣ್ಣು, ಇಲ್ಲ ಮಣೂಕ, ಅಂದರೆ ಒಣದ್ರಾಕ್ಷಿ. ಕಾಕಾ ಮಣೂಕ ಅಂತ ತೀರ್ಮಾನಿಸಿದರು. ಆ ಥಂಡಿಯಲ್ಲಿ ದ್ರಾಕ್ಷಿ ಒಣಗುವುದಾದರೂ ಹೇಗೆ ಅಂತ ಚಿಂತೆಗೆ ಬಿದ್ದು, ಊರಿಗೆ ಫೋನ್ ಮಾಡಿ ಮಣೂಕ ಒಣಗಿಸುವ ಶೆಡ್ಡಿನ ಅಳತೆ ತರಿಸಿ ಮಗಳಿಗೆ ಕಳಿಸಿಕೊಟ್ಟರು. ಅವರು ಯಂತ್ರದಲ್ಲಿ ಒಣಗಿಸುತ್ತಾರಂತೆ ಅಂತ ಶೈಲಾಳ ಪರವಾಗಿ ಉತ್ತರ ಬರೆದ ಪುಣ್ಯಾತ್ಮ ನಾನು.

ಹೌದು, ನನಗೆ ಎಲ್ಲ ಗೊತ್ತಿತ್ತು. ಅವಳು ಉದ್ದುದ್ದ ಈಮೇಲ್ ಬರೆಯುತ್ತಿದ್ದುದು ನನಗೆ, ರವಿವಾರ ಹಾಲಿನಲ್ಲಿ ಕೂತು ಕಾಕಾ ಕಾಕುಗೆ ಓದಿ ಹೇಳುವವನು ನಾನು. ಗೋಡೆಯಂತೆ ಕಡಿದಾದ ಗುಡ್ಡ, ಶಹಾಬಾದಿ ಫರಸಿಗಲ್ಲು ಒಡೆದು ಹರಡಿದಂಥ ಕರೀ ಕಲ್ಲು, ಹಗಲೆಲ್ಲ ಕಾದ ಆ ಕಲ್ಲು ರಾತ್ರಿ ಬಳ್ಳಿಗೆ ಕಾವು ಕೊಡುವುದು, ಟ್ರ್ಯಾಕ್ಟರ್ ಹತ್ತಲಾರದ್ದರಿಂದ ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಮನುಷ್ಯರೇ ಹತ್ತಿಳಿಯುವುದು, ಮಾಗಿದ ಹಣ್ಣಿನ ಮೇಲೆ ಏಳುವ ಕಂದು ಮಚ್ಚೆ, ಇದನ್ನೆಲ್ಲ ಓದುತ್ತಿದ್ದೆ. ನೆಲಮಾಳಿಗೆ ಬಂದಾಗ 'ಉಗ್ರಾಣ' ಅನ್ನುತ್ತಿದ್ದೆ. ಪೀಪಾಯಿ ಬಂದಾಗ ಕೆಮ್ಮುತ್ತಿದ್ದೆ. ರಸ ಹುಳಿ ಬರುವಾಗ ಪೀಪಾಯಿಗೆ ಕಿವಿ ಹಚ್ಚಿ ಕೂತಿದ್ದೆ, ಒಳಗೆ ಅವ್ವನ ಇಡ್ಲಿ ಹಿಟ್ಟು ಉಬ್ಬಿದಂಥ ಸಪ್ಪಳ, ಅಳು ಬಂತು ಅಂತ ಒಮ್ಮೆ ಬರೆದಿದ್ದಳು. ಆ ಸಾಲನ್ನು ಪೂರ್ತಿ ಹಾರಿಸಿದೆ. ತಪ್ಪು ಹುಡುಕುವುದು ನನ್ನ ಕಸುಬು ಅಂತ ಜನ ತಿಳಿದಿದ್ದರು. ಅಡಗಿಸುವುದರಲ್ಲೂ ಕೈ ಪಳಗಿತ್ತು.

ಆರು ತಿಂಗಳು ಮುಗಿದು ಶೈಲಾ ವಾಪಸ್ ಬಂದದ್ದು ಎರಡು ಕೆಲಸ ಇಟ್ಟುಕೊಂಡು. ತೋಟದ ಯಜಮಾನಿ ಮಾರ್ಥಾ ಅನ್ನುವವಳು, ಅರವತ್ತು ದಾಟಿದ ಹೆಂಗಸು, ನೀನು ಬಂದು ಇಲ್ಲೇ ಇರು, ಎರಡು ವರ್ಷ ಕಲಿ, ಆಮೇಲೆ ನೆಲಮಾಳಿಗೆಯ ಇಡೀ ಹೊಣೆ ನಿನ್ನದು ಅಂದಿದ್ದಳಂತೆ. ಶೈಲಾಗೆ ಜೀವನದಲ್ಲಿ ಬೇಕಾದದ್ದು ಅದೊಂದೇ. ಅಪ್ಪನಿಗೆ ನಿಜ ಹೇಳಬೇಕು, ಹೇಳಿ ಒಪ್ಪಿಸಬೇಕು. ಸೀರೆಗಳ ನಡುವೆ ಸುತ್ತಿ ಎರಡು ಬಾಟಲಿಯನ್ನೂ ತಂದಿದ್ದಳು. ಹಸಿರು ಗಾಜಿನ ಉದ್ದ ಕತ್ತಿನವು, ಹನ್ನೆರಡು ವರ್ಷ ಹಳೆಯವು, ಮಾರ್ಥಾ ತನ್ನ ಕೈಯಾರೆ ಆರಿಸಿ ಕೊಟ್ಟದ್ದು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುವುದರಲ್ಲಿ ಎಂಟು ದಿನ ಹೋಯಿತು. ಒಂಬತ್ತನೇ ದಿನ ಕಾಕು ಬಟ್ಟೆ ತೆಗೆಯಲು ಹೋಗಿ ಬಾಟಲಿ ಹಿಡಿದುಕೊಂಡು ಹೊರಗೆ ಬಂದಳು. ಚೀಟಿಯ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ. "ಇದೇನು?" ಅಂದಳು. ಶೈಲಾ ನನ್ನ ಮುಖ ನೋಡಿದಳು, ನಾನು ಫ್ಯಾನ್ ನೋಡಿದೆ. "ದ್ರಾಕ್ಷೀದೇ ಅವ್ವಾ" ಅಂದಳು.

ಕಾಕು ಬೂಚು ಕೀಳಿಸಿ ಮೂಸಿದಳು. ಹಳೇ ರೀಸ್ಲಿಂಗಿಗೆ ಒಂದು ವಿಚಿತ್ರ ಗುಣವಂತೆ, ವರ್ಷ ಕಳೆದಂತೆ ಅದಕ್ಕೆ ಚಿಮಣಿ ಎಣ್ಣೆಯ ವಾಸನೆ ಬರುತ್ತದೆ, ಬಲ್ಲವರು ಅದಕ್ಕೇ ಹೆಚ್ಚು ದುಡ್ಡು ಕೊಡುತ್ತಾರಂತೆ. ಕಾಕು ಬಲ್ಲವರಂತೆಯೇ ತಲೆದೂಗಿದಳು. ನಾತ ಹೊಡೆಯದ ಔಷಧಿಗೆ ಗುಣ ಇರುವುದಿಲ್ಲ, ಇದು ಪಕ್ಕಾ ಇದೆ ಅಂತ ತೀರ್ಪು ಕೊಟ್ಟಳು. ದ್ರಾಕ್ಷಾಸವದ ಪಕ್ಕದಲ್ಲಿ ಹಸಿರು ಬಾಟಲಿಗೆ ಜಾಗ ಸಿಕ್ಕಿತು. ಅಂದಿನಿಂದ ಊಟದ ನಂತರ ಎರಡು ಚಮಚ, ಅಷ್ಟೇ ಪ್ರಮಾಣದ ಉಗುರುಬೆಚ್ಚಗಿನ ನೀರು ಬೆರೆಸಿ, ತನಗೂ ಕಾಕಾಗೂ. ಒಂದು ಮಂಡಲ ತಗೊಳ್ಳಬೇಕು ಅಂತ ವ್ರತ. ಕಾಕಾ ಕಣ್ಣು ಮುಚ್ಚಿ ನುಂಗಿ, ಹೊಟ್ಟೆ ಉಬ್ಬರ ಭಾಳ ಕಮ್ಮಿ ಆತು ನೋಡು ಅಂತ ನನಗೇ ಹೇಳುತ್ತಿದ್ದರು. ಹದಿನೈದು ದಿನಕ್ಕೆ ಹುಳಿ ಹತ್ತಿತು ಅಂತ ಅವರು ಅಂದಾಗ ಕಾಕು ಬಾಟಲಿಗೇ ಜೇನು ಸುರಿದಳು. ಶೈಲಾ ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ಈಗ ಹೇಳುವುದು ಇನ್ನೂ ಕಷ್ಟವಾಗಿತ್ತು.

ಅಷ್ಟರಲ್ಲಿ ಮಾರ್ಥಾಳ ಫೋನ್ ಬಂತು. ತಾನೇ ಬರುತ್ತೇನೆ ಅಂದಳಂತೆ. ಅವರ ಕಡೆ ಬೇರೆ ಮನೆಯ ಮಗಳನ್ನು ತೋಟಕ್ಕೆ ಕರೆದುಕೊಳ್ಳುವಾಗ ಆ ಮನೆಯ ಹಿರಿಯರನ್ನು ಕೇಳಿಯೇ ಕರೆದುಕೊಳ್ಳಬೇಕು, ಪದ್ಧತಿ. ನಮ್ಮಪ್ಪನಿಗೆ ಎಲ್ಲ ಗೊತ್ತು ಅಂತ ಶೈಲಾ ಅಲ್ಲಿಯೂ ಒಂದು ಸುಳ್ಳು ಬಿಟ್ಟಿದ್ದಳು. ಇಲ್ಲಿ ಕಾಕಾಗೆ, ತೋಟದ ಯಜಮಾನಿ ಬಾಯಿಯವರು ದೇಶ ನೋಡಲು ಬರುತ್ತಿದ್ದಾರೆ ಅಂದಳು. ಕಾಕಾಗೆ ಖುಷಿಯೋ ಖುಷಿ. ನಾಂಪಲ್ಲಿ ಎಕ್ಸಿಬಿಷನ್ ನಡೆದಿರುವ ಜನವರಿ, ತೋರಿಸಲು ಬೇಕಾದಷ್ಟಿದೆ. ಹೋಟೆಲಿನಿಂದ ನಾವೇ ಕರೆತರುತ್ತೇವೆ ಅಂದರೆ ಕೇಳಲಿಲ್ಲ. ಡ್ರೈವರನಿಗೆ ತಾವೇ ಫೋನಿನಲ್ಲಿ ದಾರಿ ಹೇಳಿದರು. ಮಸೀದಿ, ಗಿರಣಿ, ಬೇವಿನ ಮರ.

ಒಂದು ತಾಸು ಕಾದೆವು. ರೊಟ್ಟಿ ಆರಿ ಚಕ್ಕಳವಾದವು. ನಡೆದದ್ದು ಇಷ್ಟು. ಡ್ರೈವರ್ ಇಲ್ಲದ ಬೇವಿನ ಮರಕ್ಕೆ ಮೂರು ಸುತ್ತು ಹಾಕಿ ಸೋತು ಮೂಲೆಯಲ್ಲಿ ಗಾಡಿ ನಿಲ್ಲಿಸಿದ. ಮಾರ್ಥಾಗೆ ಎದುರಿಗೇ ವೈನ್ಸ್ ಅಂತ ಬೋರ್ಡು ಕಂಡಿತು. ಪರದೇಶದಲ್ಲಿ ನೆಂಟರ ಮನೆ ಸಿಕ್ಕಷ್ಟು ಸಂತೋಷವಾಗಿ ಇಳಿದು ಹೋಗಿ, ನಿಮ್ಮ ಊರಿನ ವೈನ್ ತೋರಿಸಿ ಅಂದಳು. ಅಂಗಡಿಯವನು ವಿಸ್ಕಿಯ ಕ್ವಾರ್ಟರ್ ತೋರಿಸಿದ. ಇವಳು ತಾನು ಯಾರು, ಏನು ಮಾಡುತ್ತೇನೆ, ಯಾರ ಮನೆಗೆ ಬಂದಿದ್ದೇನೆ, ಅವರ ಮಗಳು ಎಂಥ ಕೆಲಸಗಾರ್ತಿ ಎಲ್ಲ ತನ್ನ ಜರ್ಮನ್ ಧಾಟಿಯ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು, ನಾಲ್ಕು ಗಿರಾಕಿಗಳ ಸಮೇತ ಅವಳನ್ನು ನಮ್ಮ ಬಾಗಿಲಿಗೆ ಕರೆತಂದು, "ಸಾರೂ, ಈ ಮೇಡಂ ವೈನ್ ಚೇಸ್ತಾರಂಟ, ಮೀ ಅಮ್ಮಾಯಿ ಕೂಡಾ ಅಕ್ಕಡೇ ಚೇಸ್ತುಂದಂಟ" ಅಂದ. ವೈನ್ ಮಾಡುತ್ತಾರಂತೆ, ನಿಮ್ಮ ಮಗಳೂ ಅಲ್ಲೇ ಮಾಡುತ್ತಾಳಂತೆ. ಪಾಪ, ಅಭಿನಂದನೆಯ ದನಿಯಲ್ಲೇ ಅಂದ.

ಕಾಕಾ ಮಗಳನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ನಿನಗ ಗೊತ್ತಿತ್ತು?"

"ಹೌದ್ರಿ ಕಾಕಾ."

"ನಿಮ್ಮಪ್ಪನ ಮಗ ಆಗಿ?"

ನನ್ನನ್ನು ಎತ್ತಿ ಆಡಿಸಿದ ಮನುಷ್ಯನಿಗೆ ಆರು ತಿಂಗಳು ಕೂತು ಸುಳ್ಳು ಓದಿದ್ದೆ. ಅಷ್ಟು ನಾಚಿಕೆ ಆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಅತಿಥಿ ಅತಿಥಿಯೇ. ಕಾಕಾ ಮಾರ್ಥಾಗೆ ಕೈ ಮುಗಿದು ಒಳಗೆ ಕರೆದರು, ಮಗಳನ್ನು ತೋಟಕ್ಕೆ ಕೇಳಲು ಬಂದಿದ್ದೇನೆ ಅನ್ನುವ ಅವಳ ಮಾತನ್ನು ಶೈಲಾಳ ಬಾಯಿಂದ ಕೇಳಿಸಿಕೊಂಡರು, ತಾವು ಮಾತ್ರ ಊಟಕ್ಕೆ ಕೂಡಲಿಲ್ಲ. ಶೈಲಾ ಎಲ್ಲಿಗೂ ಹೋಗಂಗಿಲ್ಲ, ಇವರಿಗೆ ಉಣಿಸಿ ಕಳಿಸಿರಿ, ಅಂತ ಗೋಡೆಗೆ ಹೇಳಿದಂತೆ ಹೇಳಿದರು. ಶೈಲಾಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಆಗ ಕಾಕು ಎದ್ದಳು. ಕಪಾಟು ತೆಗೆದು ಹಸಿರು ಬಾಟಲಿ ತಂದು, ಚಮಚದ ಸಮೇತ ಕಾಕಾನ ಮುಂದೆ ಇಟ್ಟಳು.

"ನಲವತ್ತು ದಿನ ಆತು ನೀವೂ ಕುಡಿಯಾಕತ್ತೀರಿ, ನಾನೂ ಕುಡಿಯಾಕತ್ತೀನಿ. ಯಾರ ಮನಿ ಹಾಳಾತು, ಹೇಳ್ರಿ."

ನಾವು ಮೂವರೂ ಅವಳನ್ನೇ ನೋಡಿದೆವು. ಮೊದಲ ದಿನದಿಂದಲೂ ಅವಳಿಗೆ ಗೊತ್ತಿತ್ತು. ಅವಳ ತವರಿನಲ್ಲಿ ಅವ್ವ ವರ್ಷಕ್ಕೊಮ್ಮೆ ಆಸವ ಇಡುತ್ತಿದ್ದಳಂತೆ, ದ್ರಾಕ್ಷಿ ನೊರೆ ಬಂದಮೇಲೆ ಏನಾಗುತ್ತದೆ ಅಂತ ತಿಳಿಯದಷ್ಟು ದಡ್ಡಳೇ ತಾನು? ಕಾಕಾ ಬಾಯಿ ಮಾಡುವ ಹೊತ್ತಿಗೆ ಅವರ ಹೊಟ್ಟೆಯಲ್ಲೇ ಸಾಕ್ಷಿ ಇರಲಿ ಅಂತ ದಿನಕ್ಕೆರಡು ಚಮಚ ಜಮಾ ಮಾಡಿದ್ದಳು. ನಾನು ಪ್ರೂಫ್ ತಿದ್ದುವವನು, ನನ್ನ ಮೂಗಿನ ಕೆಳಗೇ ಇದು ನಡೆದಿತ್ತು, ಒಂದಕ್ಷರ ಕಂಡಿರಲಿಲ್ಲ.

ಮಾರ್ಥಾಗೆ ಮಾತು ತಿಳಿಯದು, ಬಾಟಲಿ ತಿಳಿಯಿತು. ತನ್ನ ಮನೆತನದ ಹೆಸರು ನೋಡಿ ಮುಖ ಅರಳಿತು. ಪಕ್ಕದ ಚಮಚ ನೋಡಿ ಇದೇಕೆ ಅಂದಳು. ಶೈಲಾ ವಿವರಿಸಿದಳು: ಬಿಸಿನೀರು, ಮಂಡಲ, ಜೇನು. ಮಾರ್ಥಾ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಚಮಚಕ್ಕೆ ತುಸು ಬಗ್ಗಿಸಿ ಬಾಯಿಗೆ ಹಾಕಿಕೊಂಡು, ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ ಬಂದಳು. ಇದು ತೀರಿಹೋಗಿ ಒಂದು ತಿಂಗಳಾಗಿದೆ ಅಂದಳು. ಅವತ್ತು ಮೊದಲ ಸಲ ಕಾಕು ತಲೆ ತಗ್ಗಿಸಿದಳು.

ಕಾಕಾ ಮಾತ್ರ ಬಚ್ಚಲ ಕಡೆಗೇ ನೋಡುತ್ತಿದ್ದರು. "ಅವರದೇ ಮಾಲು, ಯಾಕ ಉಗುಳಿದ್ರು?"

"ನಾವೆಲ್ಲಾ ಉಗುಳತೀವಿ ಅಪ್ಪಾ. ದಿನಾ ಇಪ್ಪತ್ತು ಪೀಪಾಯಿ ರುಚಿ ನೋಡಬೇಕು, ನುಂಗಿದ್ರ ನಾಲಿಗಿ ಕೆಲಸಾ ಮಾಡಂಗಿಲ್ಲ. ನಾ ಇಲ್ಲೀತನಕ ಒಂದು ಹನಿ ನುಂಗಿಲ್ಲ." ಶೈಲಾ ಎಂಟು ತಿಂಗಳಲ್ಲಿ ಅಪ್ಪನಿಗೆ ಹೇಳಿದ ಮೊದಲ ಪೂರಾ ಮಾತು ಅದು.

ಅವರನ್ನು ಒಂದು ಮಾತು ಕೇಳಿ ಹೇಳು ಅಂತ ಕಾಕಾ ಮಗಳಿಗೆ ಅಂದರು. ಕುಡಿಯುವುದನ್ನೇ ಮಾಡುವ ಮನೆತನ ಅಲ್ಲವೇ, ಆ ಮನೆಯಲ್ಲಿ ಕುಡಿದು ಸತ್ತವರು ಯಾರಾದರೂ ಇದ್ದಾರೆಯೇ?

ಶೈಲಾ ಕೇಳಲು ಹಿಂಜರಿದಳು. ಕೇಳಿದಳು. ಮಾರ್ಥಾ ಕಾಕಾನ ಮುಖ ನೋಡಿಯೇ ಉತ್ತರ ಕೊಟ್ಟಳು. ನನ್ನ ಗಂಡ ಅಂದಳು. ಕೈಚೀಲದಿಂದ ಅಂಗೈ ಉದ್ದದ ಕಬ್ಬಿಣದ ಕೀಲಿಕೈ ತೆಗೆದು ರೊಟ್ಟಿ ತಟ್ಟೆಯ ಪಕ್ಕಕ್ಕಿಟ್ಟಳು. ಅವನು ಹೋದ ದಿನದಿಂದ ನೆಲಮಾಳಿಗೆಯ ಈ ಕೀಲಿಕೈಯನ್ನು ಒಂದು ಗಳಿಗೆಯೂ ಬಿಟ್ಟಿಲ್ಲವಂತೆ, ಇಲ್ಲಿಗೂ ತಂದಿದ್ದಳು. ಮಂಡಿ ಸೋತಿದೆ, ಗುಡ್ಡ ಹತ್ತಲು ಆಗುತ್ತಿಲ್ಲ. ನುಂಗದವರ ಕೈಗೆ ಇದನ್ನು ಕೊಡಬೇಕು, ಅಂಥವರನ್ನು ಹುಡುಕಲು ಏಳು ವರ್ಷ ಹಿಡಿಯಿತು ಅಂದಳು. ಶೈಲಾ ಅದನ್ನು ಕನ್ನಡಕ್ಕೆ ತಂದು ಅರ್ಧ ಹೇಳಿ ನನ್ನ ಕಡೆ ತಿರುಗಿದಳು, ಉಳಿದರ್ಧ ನಾನು ಹೇಳಿದೆ. ಒಂದಕ್ಷರವೂ ಬಿಡದೆ ಹೇಳಿದೆ.

ಕಾಕಾ ಆ ಕೀಲಿಕೈಯನ್ನು ಎತ್ತಿ ತೂಗಿ ನೋಡಿದರು. ಅವರಿಗೆ ಯಾರ ನೆನಪು ಬಂತು ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲಿ ಬಾಟಲಿಗೆ ಕೀಲಿ ಹಾಕುವವರು ಯಾರೂ ಇರಲಿಲ್ಲ, ನಮ್ಮವ್ವ ಮೊದಲೇ ಹೋಗಿದ್ದಳು.

"ರೊಟ್ಟಿ ಆರಿದಾವು, ಬ್ಯಾರೆ ಹಾಕು" ಅಂತ ಕಾಕುಗೆ ಹೇಳಿ, ತಾವೂ ಕೈ ತೊಳೆದು ಮಾರ್ಥಾಳ ಎದುರಿಗೆ ಕೂತರು. ಊಟ ಮುಗಿಯುವಾಗ ಶೈಲಾ, ಹೋಗಲೇನು ಅಂತ ಮೆಲ್ಲಗೆ ಕೇಳಿದಳು. ಕಾಕಾ ತಲೆ ಎತ್ತಲಿಲ್ಲ.

"ಕೀಲಿಕೈ ಯಾರ ಕೈಯಾಗರೆ ಇರಬೇಕಲ್ಲ."

ಶೈಲಾ ಹೋದಳು. ನನ್ನ ಶಿಕ್ಷೆ ಬಾಕಿ ಇತ್ತು. ಕಾಕಾ ಎಂಟು ದಿನ ಮಾತಾಡಿಸಲಿಲ್ಲ. ಒಂಬತ್ತನೆಯದು ರವಿವಾರ. ಹಾಲಿಗೆ ಕರೆದು, ಅವಳ ಹಳೇ ಪತ್ರ ಎಲ್ಲ ತೆಗೆ, ಈಗ ಪೂರಾ ಓದು ಅಂದರು. ಮೂರು ರವಿವಾರ ಹಿಡಿಯಿತು. ನೆಲಮಾಳಿಗೆಗೆ ನೆಲಮಾಳಿಗೆ ಅಂದೆ, ಪೀಪಾಯಿಗೆ ಪೀಪಾಯಿ ಅಂದೆ. ಇಡ್ಲಿ ಹಿಟ್ಟಿನ ಸಪ್ಪಳ ಬಂದಾಗ ಕಾಕಾ ಕೈ ಎತ್ತಿ, ಇನ್ನೊಮ್ಮೆ ಅಂದರು. ಎರಡನೇ ಸಲ ಓದುವಾಗ ಕಾಕು ಸೆರಗಿನಿಂದ ಮೂಗು ಒರೆಸಿಕೊಂಡಳು. ಭಾಷಣವನ್ನು ಆ ವರ್ಷವೂ ಮಾಡಿದರು, ಮುಂದೆಯೂ ಬಿಡಲಿಲ್ಲ. 'ಒಬ್ಬ ರೈತ' ಅಂತ ಇದ್ದಲ್ಲಿ ತಾವೇ ಪೆನ್ನಿನಿಂದ ಹೊಡೆದು 'ನಮ್ಮ ಅಣ್ಣ' ಅಂತ ಬರೆದರು. ನಾನು ಅಲ್ಪವಿರಾಮ ಮುಟ್ಟಲಿಲ್ಲ.

ಇಷ್ಟೆಲ್ಲ ಆದಮೇಲೂ ಕಾಕಾನ ದಾರಿಯಲ್ಲಿ ಬೇವಿನ ಮರ ಇದ್ದೇ ಇತ್ತು ನೋಡಿ. ಮಗಳನ್ನು ಬಿಟ್ಟುಕೊಟ್ಟರು, ಆ ಬೋರ್ಡನ್ನು ಒಪ್ಪಲಿಲ್ಲ.

ಇವತ್ತು ಮಾರ್ಥಾ ಮತ್ತೆ ಬರುತ್ತಿದ್ದಾಳೆ. ಶೈಲಾಗೆ ಬರಲಾಗುವುದಿಲ್ಲ, ಜನವರಿಯಲ್ಲಿ ಬಳ್ಳಿ ಸವರುವ ಕೆಲಸ, ಗುಡ್ಡದ ಮೇಲಿದ್ದಾಳೆ. ಈ ಸಲ ನನ್ನ ಚೀಲ ಬಹಳ ಹಗುರ ಅಂತ ಮಾರ್ಥಾ ನಿನ್ನೆ ಫೋನಿನಲ್ಲಿ ನಕ್ಕಳು. ಕೀಲಿಕೈ ಅಲ್ಲೇ ಇದೆ, ಶೈಲಾಳ ಸೊಂಟದಲ್ಲಿ.

ನಾನು ಹೀಗೆ ಮುಖ ತಿರುಗಿಸಿಕೊಂಡು, ಕಾಕು ಹಾಗೆ ಚಮಚ ಹಿಡಿದುಕೊಂಡು ನಿಂತಿರುವಾಗಲೇ ಕಾಕಾನ ಫೋನ್ ರಿಂಗಾಯಿತು. ಡ್ರೈವರ್. ಮಸೀದಿ ದಾಟಿ ನಿಂತಿದ್ದಾನೆ, ಮುಂದೆ ಹೇಗೆ ಅಂತ ಕೇಳುತ್ತಿದ್ದಾನೆ. ಎಂಬತ್ತೊಂದರ ಕಾಕಾ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಗಿರಣಿ ಬರುತ್ತದೆ, ಬೇವಿನ ಮರ ಬರುತ್ತದೆ ಅಂತ ನಾನು ಕಾದೆ. ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರು.

"ವೈನ್ಸ್ ದಗ್ಗರ ಲೆಫ್ಟ್ ತಿರಗಂಡಿ. ಮೂಡೋ ಇಲ್ಲು."

ವೈನ್ಸ್ ಹತ್ತಿರ ಎಡಕ್ಕೆ, ಮೂರನೇ ಮನೆ. ಮುಗಿಯಿತು. ಫೋನ್ ಇಟ್ಟು, ಏನೂ ಆಗದವರಂತೆ ಪೇಪರ್ ನನ್ನ ಕೈಯಿಂದ ಎಳೆದುಕೊಂಡರು.

ನಾನು ಬಾಯಿ ತೆರೆದೆ. ಕಾಕು ಚಮಚ ಒಳಗೆ ಬಗ್ಗಿಸಿದಳು. ಬೆಲ್ಲ ಬಂತು, ಲವಂಗ ಬಂತು, ಹಿಂದಿನಿಂದ ಅಪ್ಪನೂ ಬಂದ. ನನ್ನ ಕಣ್ಣು ಬಚ್ಚಲ ಕಡೆ ಹೊರಳಿದ್ದು ಅವಳಿಗೆ ಕಂಡಿರಬೇಕು.

"ನುಂಗು" ಅಂದಳು ಕಾಕು. "ಇದು ಉಗುಳೂದಲ್ಲ."

ನುಂಗಿದೆ.